ಆಡದ ಗೊಂಬೆಗೇ ಬೆಲೆ ಹೆಚ್ಚಂತೆ!

ಕಳೆದ ತಿಂಗಳು ಮೇಡಂ ರಜೆಯಲ್ಲಿದ್ದ ಒಂದು ಪಿರಿಯಡ್‌ನಲ್ಲಿ ನಮ್ಮ ತರಗತಿಯ ಹರಟೆ ಎಲ್ಲೆಲ್ಲಿಗೋ ಹೋಗಿ ಕೊನೆಗೆ ಗೊಂಬೆಗೆ ಬಂದು ನಿಂತಿತು. ಅಮೆರಿಕದಲ್ಲಿ ನೂರೈವತ್ತು ವರ್ಷ ಹಳೆಯ ಒಂದು ಬಟ್ಟೆಯ ಗೊಂಬೆ ಹರಾಜಿನಲ್ಲಿ ಹತ್ತಾರು ಸಾವಿರ ಡಾಲರ್‌ಗೆ ಹೋಗುವುದುಂಟು ಎಂದು ನಾನು ಹೇಳಿದ್ದೇ ತಡ, ಪಕ್ಕದಲ್ಲಿದ್ದವಳು, “ಅಷ್ಟು ದುಡ್ಡಿಗೆ ನಮ್ಮೂರಲ್ಲಿ ಸೈಟೇ ಬರುತ್ತಲ್ಲೇ! ಹೊಟ್ಟೆ ತುಂಬಿದವರ ಹುಚ್ಚು” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ಬಸ್ಸಿನಲ್ಲಿ ಕೂತಾಗ ಆ ಮಾತು ಅರ್ಧ ಸರಿ, ಅರ್ಧ ತಪ್ಪು ಅನಿಸಿತು. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂದು ಹೇಳುವುದಕ್ಕೇ ಈ ಬರಹ.

ಮೊದಲು ನನಗೆ ಈ ವಿಷಯದ ಗೀಳು ಹತ್ತಿದ್ದು ಹೇಗೆಂದು ಹೇಳಬೇಕು. ಇತಿಹಾಸದ ಅಸೈನ್‌ಮೆಂಟ್‌ಗೆ ಒಂದು ವಸ್ತುವನ್ನು ಆರಿಸಿಕೊಂಡು ಅದರ ಕಥೆ ಬರೆಯಿರಿ ಎಂದಿದ್ದರು ಸರ್. ಹುಡುಗರೆಲ್ಲ ನಾಣ್ಯ, ಕತ್ತಿ, ಕೋಟೆ ಎಂದು ಹಂಚಿಕೊಂಡುಬಿಟ್ಟರು. ಉಳಿದದ್ದು ಆಟಿಕೆ. ಬೇಸರದಿಂದಲೇ ಹುಡುಕಲು ಶುರುಮಾಡಿದೆ. ನಿಲ್ಲಿಸಲಾಗಲಿಲ್ಲ.

ಅಮೆರಿಕದ ಗೊಂಬೆ ಎಂದರೆ ನಮಗೆ ಬಾರ್ಬಿ ನೆನಪಾಗುತ್ತದೆ. ಸಂಗ್ರಾಹಕರ ಲೆಕ್ಕದಲ್ಲಿ ಬಾರ್ಬಿ ನಿನ್ನೆ ಮೊನ್ನೆ ಹುಟ್ಟಿದವಳು. ಅವರು ಆ್ಯಂಟಿಕ್ ಎನ್ನುವುದು ಸಾಮಾನ್ಯವಾಗಿ ನೂರು ವರ್ಷ ದಾಟಿದ್ದನ್ನು. 1858ರಲ್ಲಿ ಫಿಲಡೆಲ್ಫಿಯಾದಲ್ಲಿ ಲುಡ್ವಿಗ್ ಗ್ರೈನರ್ ಎಂಬ ಜರ್ಮನ್ ವಲಸಿಗ ಕಾಗದದ ತಿರುಳಿನಿಂದ ಮಾಡಿ, ಒಳಗೆ ಬಟ್ಟೆ ಅಂಟಿಸಿ ಗಟ್ಟಿಗೊಳಿಸಿದ ಗೊಂಬೆಯ ತಲೆಗೆ ಪೇಟೆಂಟ್ ಪಡೆದ. ಗೊಂಬೆಯ ತಲೆಗೆ ಅಮೆರಿಕದಲ್ಲಿ ಸಿಕ್ಕ ಮೊದಲ ಪೇಟೆಂಟ್ ಅದೇ ಎನ್ನುತ್ತಾರೆ. ತಲೆಯ ಹಿಂಬದಿಗೆ ಆತ ಅಂಟಿಸುತ್ತಿದ್ದ ಚಿಕ್ಕ ಚೀಟಿ ಇಂದಿಗೂ ಉಳಿದಿದ್ದರೆ ಸಂಗ್ರಾಹಕರಿಗೆ ಹಬ್ಬ.

ಆದರೆ ನನಗೆ ಹಿಡಿಸಿದ್ದು ಇಜಾನಾ ವಾಕರ್. ರೋಡ್ ಐಲೆಂಡ್‌ನ ಸೆಂಟ್ರಲ್ ಫಾಲ್ಸ್ ಎಂಬ ಊರಿನ ಹೆಂಗಸು. ನಮ್ಮ ಬನಿಯನ್ ಬಟ್ಟೆಯಂಥ ಹೆಣೆದ ಬಟ್ಟೆಯನ್ನು ಅಚ್ಚಿನಲ್ಲಿ ಒತ್ತಿ ಮುಖ ಮಾಡಿ, ಒಳಗೆ ಮೆತ್ತಗೆ ತುಂಬಿ, ಮೇಲೆ ಎಣ್ಣೆಬಣ್ಣ ಬಳಿಯುತ್ತಿದ್ದಳು. 1873ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆ ಅರ್ಜಿಯಲ್ಲಿ ಆಕೆ ಕೊಟ್ಟ ಕಾರಣಗಳು ಒಬ್ಬ ತಾಯಿ ಅಂಗಡಿಯಲ್ಲಿ ನಿಂತು ಕೇಳುವಂಥವು: ಗೊಂಬೆ ಅಗ್ಗ, ಸುಲಭವಾಗಿ ಒರೆಸಿ ಶುಚಿ ಮಾಡಬಹುದು, ಮಗು ಅದರ ಮೇಲೆ ಬಿದ್ದರೂ ಪೆಟ್ಟಾಗುವುದಿಲ್ಲ. ಪಿಂಗಾಣಿ ಗೊಂಬೆ ಒಡೆದರೆ ಚೂರು ಚುಚ್ಚುವ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅಗ್ಗವೆಂದು ಹೇಳಿಕೊಂಡು ಮಾರಿದ ಅದೇ ಗೊಂಬೆ ಇವತ್ತು ನಮ್ಮ ಗೆಳತಿಯ ಸೈಟಿನ ಬೆಲೆಗೆ ಮಾರಾಟವಾಗುತ್ತಿದೆ!

ಆಕೆಯ ಗೊಂಬೆ ಮುಂದೆ ಇನ್ನೊಂದು ದಾರಿಯನ್ನೂ ಹಿಡಿಯಿತು. ಚಿಕ್ಕಂದಿನಲ್ಲಿ ವಾಕರ್ ಗೊಂಬೆಯೊಂದಿಗೆ ಆಡಿ ಬೆಳೆದ ಮಾರ್ಥಾ ಚೇಸ್ ಎಂಬಾಕೆ ಪಕ್ಕದ ಪಾಟಕೆಟ್ ಊರಿನಲ್ಲಿ ತಾನೂ ಬಟ್ಟೆಯ ಗೊಂಬೆ ಮಾಡತೊಡಗಿದಳು. ಗಂಡ ಡಾಕ್ಟರು. 1911ರಲ್ಲಿ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯವರು, ವಿದ್ಯಾರ್ಥಿನಿಯರ ಅಭ್ಯಾಸಕ್ಕೆ ಆಳೆತ್ತರದ ಗೊಂಬೆ ಮಾಡಿಕೊಡಿ ಎಂದು ಕೇಳಿದರು. ರೋಗಿಯನ್ನು ಹೊರಳಿಸುವುದು, ಹಾಸಿಗೆ ಬದಲಿಸುವುದು, ಬ್ಯಾಂಡೇಜು ಕಟ್ಟುವುದು, ಎಲ್ಲವನ್ನೂ ಆ ಗೊಂಬೆಯ ಮೇಲೇ ಕಲಿತರು. ನಮ್ಮ ಸೈನ್ಸ್ ವಿಭಾಗದಿಂದ ಪ್ರತಿವರ್ಷ ನರ್ಸಿಂಗ್‌ಗೆ ಹೋಗುವ ಅಕ್ಕಂದಿರು ಅಲ್ಲಿ ಒಂದು ಮ್ಯಾನಿಕಿನ್ ಮುಂದೆ ನಿಲ್ಲುತ್ತಾರಲ್ಲ, ಅದರ ವಂಶದಲ್ಲಿ ಒಬ್ಬಳು ಆಟದ ಗೊಂಬೆಯೂ ಇದ್ದಾಳೆ ಎಂದು ಅವರಿಗೆ ಹೇಳಬೇಕು.

ಈಗ ಗೆಳತಿಯ ಮಾತಿಗೆ ಬರುತ್ತೇನೆ. ಸಂಗ್ರಹ ಬರೀ ಹುಚ್ಚು ಎನ್ನುವವರಿಗೆ ನನ್ನ ಉತ್ತರ ಎಡಿಸನ್ನನ ಗೊಂಬೆ. ಹೌದು, ಬಲ್ಬಿನ ಎಡಿಸನ್. 1890ರಲ್ಲಿ ಆತನ ಕಂಪನಿ ಮಾತಾಡುವ ಗೊಂಬೆ ಮಾರಿತು. ಇಪ್ಪತ್ತೆರಡು ಇಂಚು ಎತ್ತರ, ತಗಡಿನ ಮೈ, ಜರ್ಮನಿಯಿಂದ ತರಿಸಿದ ಪಿಂಗಾಣಿಯ ತಲೆ, ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್, ಬೆನ್ನಿಗೊಂದು ಹಿಡಿಕೆ. ಹಿಡಿಕೆ ತಿರುಗಿಸಿದರೆ ಮೇಣದ ಸಿಲಿಂಡರ್ ಸುತ್ತಿ ಮಕ್ಕಳ ಪದ್ಯ ಕೇಳಿಸಬೇಕು. ಆಗ ಒಂದು ಧ್ವನಿಮುದ್ರಣದಿಂದ ನೂರು ಪ್ರತಿ ತೆಗೆಯುವ ವಿಧಾನ ಇರಲಿಲ್ಲ. ಹಾಗಾಗಿ ಕೆಲಸದ ಹೆಣ್ಣುಮಕ್ಕಳು ಸಾಲಾಗಿ ಕೂತು ಒಂದೊಂದು ಗೊಂಬೆಗೂ ಬೇರೆ ಬೇರೆಯಾಗಿ ಅದೇ ಪದ್ಯವನ್ನು ಕೂಗಿ ಕೂಗಿ ಹೇಳಿದರು. ಬೆಲೆ ಹತ್ತು ಡಾಲರ್‌ನಿಂದ ಮೇಲಕ್ಕೆ, ಅಂದರೆ ಸಾಮಾನ್ಯ ಕೆಲಸಗಾರನ ಒಂದು ವಾರದ ಕೂಲಿಗಿಂತ ಹೆಚ್ಚು. ಗೊಂಬೆ ಬೇಗ ಕೆಟ್ಟಿತು, ಧ್ವನಿ ಕರ್ಕಶವಾಗಿತ್ತು, ಮಕ್ಕಳು ಹೆದರಿದರು. ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಸುಮಾರು 2,500 ಗೊಂಬೆಗಳು ಅಂಗಡಿಗಳಿಗೆ ಹೋಗಿದ್ದವು. ಮಾರಾಟವಾದದ್ದು 500ಕ್ಕೂ ಕಡಿಮೆ. ಎಡಿಸನ್ ಸ್ವತಃ ಅವುಗಳನ್ನು ಪುಟ್ಟ ರಾಕ್ಷಸರೆಂದು ಕರೆದನಂತೆ.

ವ್ಯಾಪಾರದ ಕಣ್ಣಿನಲ್ಲಿ ಅದು ಗುಜರಿ. ಆದರೂ ಬೆರಳೆಣಿಕೆಯಷ್ಟನ್ನು ಯಾರೋ ಇಟ್ಟುಕೊಂಡರು. ಒಂದು ಸಂಗ್ರಾಹಕ ದಂಪತಿಯ ಬಳಿ ಅಂಥ ಸಿಲಿಂಡರ್‌ಗಳಿದ್ದವು. ಒಳಗೆ ಏನಿದೆ ಎಂದು ಕೇಳುವ ಆಸೆ ಯಾರಿಗಿಲ್ಲ? ಆದರೆ ಸೂಜಿ ತಾಗಿದರೆ ಮೇಣದ ಗೆರೆ ಅಳಿಸಿಹೋಗುತ್ತದೆ ಎಂದು ಅವರು ವರ್ಷಗಟ್ಟಲೆ ಆ ಆಸೆ ಅದುಮಿಕೊಂಡರು. ಕೊನೆಗೆ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಲ್ಲಿ ರೂಪುಗೊಂಡ ಒಂದು ತಂತ್ರಜ್ಞಾನ ಬಂತು. ಅದರಲ್ಲಿ ಸೂಜಿಯೇ ಇಲ್ಲ; ಮೇಲ್ಮೈಯ ಚಿತ್ರ ತೆಗೆದು, ಗೆರೆಗಳ ಏರಿಳಿತವನ್ನು ಕಂಪ್ಯೂಟರ್ ಧ್ವನಿಯಾಗಿ ಬದಲಿಸುತ್ತದೆ. 2015ರಲ್ಲಿ ಆ ಗೊಂಬೆಗಳ ಧ್ವನಿ ಮತ್ತೆ ಲೋಕಕ್ಕೆ ಕೇಳಿಸಿತು. ನಾನು ಇಯರ್‌ಫೋನ್ ಹಾಕಿಕೊಂಡು ರಾತ್ರಿ ಕೇಳಿದೆ. ನಿಜ ಹೇಳುತ್ತೇನೆ, ಭೂತದ ಸಿನಿಮಾ ನೆನಪಾಯಿತು. ಆದರೆ ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ಅನಿಸಿತು. ಕಾರ್ಖಾನೆಯಲ್ಲಿ ದಿನಗೂಲಿಗೆ ಕೂತು ಕೂಗಿದ ಒಬ್ಬ ಹುಡುಗಿ ಅವಳು. ಹೆಸರು ಯಾರೂ ಬರೆದಿಡಲಿಲ್ಲ. ನೂರಿಪ್ಪತ್ತೈದು ವರ್ಷದ ಮೇಲೆ ಅವಳ ಗಂಟಲು ನನ್ನ ಕಿವಿಯಲ್ಲಿದೆ. “ಹುಚ್ಚರು” ಇಲ್ಲದಿದ್ದರೆ ಈ ಧ್ವನಿಯೂ ಗುಜರಿಗೆ ಹೋಗುತ್ತಿತ್ತು.

ಇನ್ನೊಬ್ಬ “ಹುಚ್ಚಿ” ಮಾರ್ಗರೆಟ್ ವುಡ್‌ಬರಿ ಸ್ಟ್ರಾಂಗ್. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನವಳು, ಕೊಡ್ಯಾಕ್ ಕಂಪನಿಯ ಷೇರುಗಳ ಸಿರಿವಂತ ಮನೆತನ. ಚಿಕ್ಕವಳಿದ್ದಾಗ ತಂದೆತಾಯಿ ದೇಶ ಸುತ್ತುವಾಗ ಇವಳಿಗೊಂದು ಪುಟ್ಟ ಚೀಲ ಕೊಡುತ್ತಿದ್ದರಂತೆ. ದಾರಿಯಲ್ಲಿ ಕೊಂಡದ್ದು ಅದರಲ್ಲಿ ಹಿಡಿಸಿದರೆ ಮಾತ್ರ ಉಂಟು. ಸಣ್ಣ ವಸ್ತುಗಳ ಮೇಲಿನ ಪ್ರೀತಿ ಹಾಗೆ ಹುಟ್ಟಿತು. ಇದ್ದೊಬ್ಬ ಮಗಳನ್ನೂ ಆಮೇಲೆ ಗಂಡನನ್ನೂ ಕಳೆದುಕೊಂಡ ಆಕೆ 1969ರಲ್ಲಿ ತೀರಿಕೊಂಡಾಗ ಮನೆಯಲ್ಲಿ ಗೊಂಬೆಗಳೇ ಸುಮಾರು 27,000 ಇದ್ದವು. ಆಕೆಯ ಆಸ್ತಿಯಿಂದಲೇ ಕಟ್ಟಿದ ಮ್ಯೂಸಿಯಂ 1982ರಲ್ಲಿ ತೆರೆಯಿತು. ಈಗ ಅದು ಆಟದ ಇತಿಹಾಸಕ್ಕೇ ಮೀಸಲಾದ ರಾಷ್ಟ್ರೀಯ ಸಂಗ್ರಹಾಲಯ. ಸಿರಿವಂತಿಕೆಯನ್ನು ನಾವು ಬೈಯಬಹುದು, ಆದರೆ ಸಿರಿವಂತರೆಲ್ಲ ತಮ್ಮ ಕಪಾಟನ್ನು ಊರಿಗೆ ಬಿಟ್ಟುಹೋಗುವುದಿಲ್ಲ.

ಇಷ್ಟು ಅವರ ಪರ. ಈಗ ನನ್ನ ತಕರಾರು.

ಗೊಂಬೆಯ ಬೆಲೆ ಕಟ್ಟುವ ರೀತಿ ನೋಡಿ. ಪೆಟ್ಟಿಗೆ ಸಹಿತ ಇದ್ದರೆ ಬೆಲೆ ಹೆಚ್ಚು. ಮೂಲ ಬಟ್ಟೆ, ಮೂಲ ಕೂದಲು ಇದ್ದರೆ ಹೆಚ್ಚು. ಪಿಂಗಾಣಿಯ ತಲೆಯೊಳಗೆ ದೀಪ ಹಿಡಿದು ಕೂದಲೆಳೆಯಷ್ಟು ಬಿರುಕಿದೆಯೇ ಎಂದು ನೋಡುತ್ತಾರೆ. ಇದ್ದರೆ ಬೆಲೆ ಬಿತ್ತು. ಮತ್ತೆ ಬಣ್ಣ ಬಳಿದಿದ್ದರೆ ಬಿತ್ತು. ಹಳೆಯ ಬಟ್ಟೆಯ ಗೊಂಬೆಗಳಲ್ಲಿ ಸವೆತವನ್ನು ಸ್ವಲ್ಪ ಕ್ಷಮಿಸುವವರಿದ್ದಾರೆ, ನಿಜ. ಆದರೆ ಒಟ್ಟು ನಿಯಮ ಇದೇ. ಹಾಗಾದರೆ ಅತ್ಯಂತ ದುಬಾರಿ ಗೊಂಬೆ ಯಾವುದು? ಯಾವ ಮಗುವೂ ಮುಟ್ಟದ್ದು. ಕಪಾಟಿನ ಮೇಲೆ “ಮುಟ್ಟಬೇಡ” ಎಂದು ಇಟ್ಟದ್ದು. ಜ್ವರ ಬಂದ ಮಗು ಅಪ್ಪಿಕೊಂಡು ಮಲಗಿದ, ಅನ್ನ ಮೆತ್ತಿಸಿಕೊಂಡ, ತಂಗಿಯ ಜಗಳದಲ್ಲಿ ಕೈ ಕಿತ್ತುಹೋದ, ಅಮ್ಮ ಬೇರೆ ದಾರದಲ್ಲಿ ಹೊಲಿದುಕೊಟ್ಟ ಗೊಂಬೆ ತನ್ನ ಕೆಲಸವನ್ನು ಪೂರ್ತಿ ಮಾಡಿದೆ. ಅದಕ್ಕೇ ಮಾರುಕಟ್ಟೆಯಲ್ಲಿ ದಂಡ. ನಾಣ್ಯಕ್ಕೆ ಈ ನಿಯಮ ಸರಿಯಿರಬಹುದು. ಗೊಂಬೆಗೆ ಸರಿಯಲ್ಲ ಎಂಬುದು ನನ್ನ ವಾದ. ಗೊಂಬೆಯ ಹೊಲಿಗೆಯ ಗುರುತು ಅದರ ದೋಷವಲ್ಲ, ಅದರ ದಾಖಲೆ.

ಈ ಬೆಲೆಯ ಲೆಕ್ಕದಲ್ಲಿ ಇನ್ನೊಂದು ಅನ್ಯಾಯವೂ ನಡೆದುಹೋಗಿದೆ. ಪೆಟ್ಟಿಗೆ, ಚೀಟಿ, ಪೇಟೆಂಟ್ ನಂಬರು ಯಾರ ಗೊಂಬೆಗೆ ಇರುತ್ತಿತ್ತು? ಅಂಗಡಿಯಲ್ಲಿ ಕೊಂಡವರದಕ್ಕೆ. ಗುಲಾಮರಾಗಿದ್ದ ಕಪ್ಪು ಹೆಂಗಸರು, ಮುಂದೆ ಸ್ವತಂತ್ರರಾದರೂ ಬಡವರಾಗಿಯೇ ಉಳಿದವರು ಹಳೆಯ ಅಂಗಿ, ಕಾಲುಚೀಲ, ಹಿಟ್ಟಿನ ಚೀಲದಿಂದ ಹೊಲಿದ ಗೊಂಬೆಗಳಿಗೆ ಚೀಟಿಯಿಲ್ಲ. ಆ ಕಾಲದ ಎರಡು ತಲೆಯ ಗೊಂಬೆಯೊಂದಿದೆ: ಒಂದು ಕಡೆ ಬಿಳಿ ಹುಡುಗಿ, ತಲೆಕೆಳಗು ಮಾಡಿ ಲಂಗ ಮಗುಚಿದರೆ ಕಪ್ಪು ಹುಡುಗಿ. ಒಬ್ಬಳು ಕಾಣಿಸಿದರೆ ಇನ್ನೊಬ್ಬಳು ಮರೆ. ಅದನ್ನು ಯಾರಿಗಾಗಿ, ಯಾಕಾಗಿ ಹೊಲಿದರು ಎಂಬ ಬಗ್ಗೆ ಪಂಡಿತರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಹೊಲಿದವಳನ್ನು ಕೇಳಿ ಬರೆದುಕೊಂಡವರು ಇದ್ದಿದ್ದರೆ ಪಂಡಿತರ ಕೆಲಸ ಕಡಿಮೆಯಾಗುತ್ತಿತ್ತು.

ನ್ಯೂಯಾರ್ಕ್‌ನಲ್ಲಿ 2022ರಲ್ಲಿ ಒಂದು ಇತಿಹಾಸ ಸಂಸ್ಥೆ ಇಂಥ ಕೈಹೊಲಿಗೆಯ ಕಪ್ಪು ಗೊಂಬೆಗಳ ಪ್ರದರ್ಶನ ಏರ್ಪಡಿಸಿತ್ತು. ನೂರಕ್ಕೂ ಹೆಚ್ಚು ಗೊಂಬೆಗಳು. ಬಹುತೇಕ ಒಬ್ಬರೇ ಸಂಗ್ರಾಹಕಿ ಕೂಡಿಸಿದ್ದು. ಅದರಲ್ಲಿ ಹ್ಯಾರಿಯೆಟ್ ಜೇಕಬ್ಸ್ ಹೊಲಿದವೆಂದು ಹೇಳಲಾಗುವ ಮೂರು ಗೊಂಬೆಗಳಿದ್ದವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದು, 1861ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ ಹೆಂಗಸು ಆಕೆ. ತಾನು ಕೆಲಸಕ್ಕಿದ್ದ ಮನೆಯ ಮಕ್ಕಳಿಗಾಗಿ ಹೊಲಿದದ್ದಂತೆ. ಆಕೆ ಪುಸ್ತಕ ಬರೆದದ್ದರಿಂದ ನಮಗೆ ಆಕೆಯ ಹೆಸರು ಗೊತ್ತು. ಉಳಿದವರ ಹೆಸರು? ಗೊಂಬೆಯ ಪಕ್ಕದ ಫಲಕದಲ್ಲಿ “ಅಜ್ಞಾತ” ಎಂದಷ್ಟೇ.

ಗೊಂಬೆಯಲ್ಲಿ ಏನಿದೆ ಎಂದು ಕೇಳುವವರಿಗೆ ಮತ್ತೊಂದು ಮಾತು. ಗುಲಾಮನಾಗಿ ಹುಟ್ಟಿದ ರಿಚರ್ಡ್ ಹೆನ್ರಿ ಬಾಯ್ಡ್ ಎಂಬ ಪಾದ್ರಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ನ್ಯಾಶ್‌ವಿಲ್‌ನಲ್ಲಿ ಕಪ್ಪು ಗೊಂಬೆಗಳ ಕಂಪನಿಯನ್ನೇ ತೆರೆದ. ಅಂಗಡಿಯಲ್ಲಿ ಸಿಗುತ್ತಿದ್ದ ಕಪ್ಪು ಗೊಂಬೆಗಳು ಅಣಕದ ಮುಖದವು. ನಮ್ಮ ಮಕ್ಕಳ ಕೈಗೆ ಅವನ್ನು ಕೊಡುವುದು ಹೇಗೆ ಎಂಬುದು ಆತನ ಪ್ರಶ್ನೆ. ಆತನ ಪ್ರಶ್ನೆ ಸುಳ್ಳಲ್ಲ ಎಂದು 1940ರ ದಶಕದಲ್ಲಿ ಗೊತ್ತಾಯಿತು. ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಎಂಬ ಮನೋವಿಜ್ಞಾನಿ ದಂಪತಿ ಬಣ್ಣವೊಂದನ್ನು ಬಿಟ್ಟು ಉಳಿದೆಲ್ಲ ಒಂದೇ ತೆರನಾದ ಗೊಂಬೆಗಳನ್ನು ಪುಟ್ಟ ಕಪ್ಪು ಮಕ್ಕಳ ಮುಂದಿಟ್ಟು ಕೇಳಿದರು: ಯಾವುದು ಒಳ್ಳೆಯ ಗೊಂಬೆ? ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದರು. ಯಾವುದು ನಿನ್ನ ಹಾಗಿದೆ ಎಂದು ಕೇಳಿದಾಗ ಕೆಲವರು ಅತ್ತರು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಕೂರಿಸುವುದು ತಪ್ಪೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅಡಿಟಿಪ್ಪಣಿಯಲ್ಲಿ ಕ್ಲಾರ್ಕ್ ಬರವಣಿಗೆಯ ಉಲ್ಲೇಖವಿತ್ತು. ಆ ಗೊಂಬೆಗಳು ಯಾವ ಸಂಗ್ರಾಹಕನ ಪಟ್ಟಿಯಲ್ಲೂ ಮೊದಲ ಸಾಲಿಗೆ ಬರುವಂಥವಲ್ಲ, ಸಾಮಾನ್ಯ ಅಂಗಡಿಯ ಸರಕು.

ಇನ್ನೊಂದನ್ನು ಹೇಳದೆ ಮುಗಿಸಲಾರೆ. 1924ರಲ್ಲಿ ಅಮೆರಿಕ ಒಂದು ವಲಸೆ ಕಾನೂನು ತಂದು ಜಪಾನಿಯರಿಗೆ ಬಾಗಿಲು ಮುಚ್ಚಿತು. ಎರಡು ದೇಶಗಳ ನಡುವೆ ಕಹಿ ಬೆಳೆಯುವುದನ್ನು ಕಂಡು, ಜಪಾನಿನಲ್ಲಿ ಬಹುಕಾಲ ಇದ್ದು ಬಂದ ಸಿಡ್ನಿ ಗ್ಯೂಲಿಕ್ ಎಂಬ ಪಾದ್ರಿ, ಮಕ್ಕಳಿಂದ ಮಕ್ಕಳಿಗೆ ಗೊಂಬೆ ಕಳಿಸೋಣ ಎಂದ. 1927ರ ಮಾರ್ಚ್ 3ರ ಜಪಾನಿ ಗೊಂಬೆ ಹಬ್ಬಕ್ಕೆ ಸೇರುವಂತೆ 12,739 ಗೊಂಬೆಗಳು ಹಡಗು ಹತ್ತಿದವು. ಪ್ರತಿ ಗೊಂಬೆಗೂ ಒಂದು ಹೆಸರು, ಒಂದು ಪತ್ರ, ಒಂದು ಆಟದ ಪಾಸ್‌ಪೋರ್ಟ್. ಜಪಾನ್ 58 ದೊಡ್ಡ ಗೊಂಬೆಗಳನ್ನು ಮರುಕಳಿಸಿತು. ಹದಿನಾಲ್ಕು ವರ್ಷಕ್ಕೆ ಯುದ್ಧ ಬಂತು. ನೀಲಿ ಕಣ್ಣಿನ ಆ ಗೊಂಬೆಗಳು ಶತ್ರುಗಳೆಂದಾಯಿತು. ಶಾಲೆಯ ಅಂಗಳದಲ್ಲಿ ಸುಟ್ಟರು, ಬಿದಿರಿನ ಈಟಿಯಿಂದ ತಿವಿಸಿದರು. ಆದರೆ ಅಲ್ಲೊಬ್ಬ ಇಲ್ಲೊಬ್ಬ ಮೇಷ್ಟ್ರು, ಟೀಚರು ಗೊಂಬೆಯನ್ನು ಬಚ್ಚಿಟ್ಟರು. ಸಿಕ್ಕಿಬಿದ್ದರೆ ಏನಾಗುತ್ತಿತ್ತೆಂದು ಅವರಿಗೆ ಗೊತ್ತಿತ್ತು. ಮುನ್ನೂರಕ್ಕೂ ಹೆಚ್ಚು ಗೊಂಬೆಗಳು ಹಾಗೆ ಉಳಿದು ಈಗ ಜಪಾನಿನ ಶಾಲೆಗಳಲ್ಲಿ, ಸಂಗ್ರಹಾಲಯಗಳಲ್ಲಿ ಇವೆ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಮಾಡಿದ, ಮೂರು ಡಾಲರ್ ಆಸುಪಾಸಿನ ಗೊಂಬೆ. ಯಾವ ಹರಾಜುಗಾರ ಅದರ ತಲೆಯೊಳಗೆ ದೀಪ ಹಿಡಿದು ಏನು ಹುಡುಕಬೇಕು?

ಆದ್ದರಿಂದ ಗೆಳತಿಗೆ ನನ್ನ ಉತ್ತರ ಇಷ್ಟು: ಕೂಡಿಡುವುದು ಹುಚ್ಚಲ್ಲ, ಕಥೆ ಕೇಳದೆ ಕೂಡಿಡುವುದು ಹುಚ್ಚು. ಸಾವಿರ ಗೊಂಬೆ ಕೊಂಡು ಒಂದರ ಒಡತಿಯ ಹೆಸರೂ ಬರೆದುಕೊಳ್ಳದವನಿಗಿಂತ, ಒಂದೇ ಗೊಂಬೆಯ ಜೊತೆ ಹಳೆಯ ಪತ್ರವನ್ನೂ ಫೋಟೋವನ್ನೂ ಇಟ್ಟುಕೊಂಡವನು ದೊಡ್ಡ ಸಂಗ್ರಾಹಕ. ಅಲ್ಲಿನ ಒಳ್ಳೆಯ ಸಂಗ್ರಾಹಕರು ಇದನ್ನು ಮಾಡುತ್ತಲೇ ಇದ್ದಾರೆ. ಮಾರುಕಟ್ಟೆ ಅದಕ್ಕೆ ಬೆಲೆ ಕೊಡುವುದು ಕಡಿಮೆ.

ನನಗೆ ಇದನ್ನು ಹೇಳುವ ಹಕ್ಕಿದೆಯೇ ಎಂದರೆ, ಇಲ್ಲ. ನಮ್ಮ ನಾನಿ ಹಳೆಯ ದುಪಟ್ಟಾ, ದರ್ಜಿ ಅಂಗಡಿಯ ಚೂರುಗಳಿಂದ ಗುಡಿಯಾ ಹೊಲಿಯುತ್ತಿದ್ದರು. ಕಣ್ಣಿಗೆ ಕಪ್ಪು ದಾರ, ಬಾಯಿಗೆ ಕೆಂಪು ದಾರ, ಜಡೆಗೆ ಉಣ್ಣೆ. ಅವರ ಕಾಲದಲ್ಲಿ ಗಲ್ಲಿಯ ಮಕ್ಕಳು ಗುಡ್ಡೆ-ಗುಡಿಯಾ ಶಾದಿ ಮಾಡುತ್ತಿದ್ದರು: ಒಂದು ಮನೆಯ ಗುಡಿಯಾ, ಇನ್ನೊಂದು ಮನೆಯ ಗುಡ್ಡಾ, ಬಾರಾತ್, ಮಕ್ಕಳಿಗೆಲ್ಲ ಜರ್ದಾ. ನನಗೆ ಏಳೋ ಎಂಟೋ ವರ್ಷವಿದ್ದಾಗ ಮಾಮೂ ದುಬೈಯಿಂದ ಕಣ್ಣು ಮುಚ್ಚಿ ತೆರೆಯುವ ಪ್ಲಾಸ್ಟಿಕ್ ಗೊಂಬೆ ತಂದರು. ನಾನಿ ಹೊಲಿದ ಗುಡಿಯಾ ಅದರ ಪಕ್ಕದಲ್ಲಿ ಕೂತಾಗ ನನಗೆ ನಾಚಿಕೆಯಾಯಿತು. ಕಸದ ಗಾಡಿ ಬಂದ ಬೆಳಿಗ್ಗೆ ನಾನೇ ಹಾಕಿದೆ. ಯಾರೂ ಹೇಳಿರಲಿಲ್ಲ. ಕ್ಲಾರ್ಕ್ ದಂಪತಿಯ ಪ್ರಯೋಗ ಓದಿದ ದಿನ ನನಗೆ ನೆನಪಾದದ್ದು ಅದೇ. ನನ್ನ ಮುಂದೆಯೂ ಎರಡು ಗೊಂಬೆಗಳಿದ್ದವು.

ಅಸೈನ್‌ಮೆಂಟ್ ಮುಗಿದ ಮೇಲೆ ಗ್ರಂಥಾಲಯದ ಸರ್ ಬಳಿ ಒಂದು ಮಾತು ಕೇಳಿದ್ದೇನೆ. ಬಾಗಿಲ ಪಕ್ಕದ ಗಾಜಿನ ಬೀರುವಿನಲ್ಲಿ ಈಗ ಟ್ರೋಫಿಗಳಿವೆ, ಕೆಳಗಿನ ಖಾನೆ ಖಾಲಿ. ಆ ಒಂದು ಖಾನೆಯನ್ನು ಎರಡು ತಿಂಗಳ ಮಟ್ಟಿಗೆ ನಮಗೆ ಕೊಡಿ ಎಂದು. ನಿಮ್ಮ ಮನೆಯಲ್ಲಿ ಹಳೆಯ ಆಟಿಕೆ ಏನಿದ್ದರೂ ತನ್ನಿ: ಚನ್ನಪಟ್ಟಣದ ಬಣ್ಣ ಹೋದ ಬುಗುರಿ, ತಗಡಿನ ಬಂಡಿ, ದಾದಿಯ ಕಾಲದ ಬಟ್ಟೆಯ ಗೊಂಬೆ, ಅಜ್ಜಿಯ ಮನೆಯ ಮರದ ಪಟ್ಟದ ಬೊಂಬೆ. ಮುರಿದಿದ್ದರೆ ಇನ್ನೂ ಒಳ್ಳೆಯದು. ಆದರೆ ವಸ್ತು ಮಾತ್ರ ತಂದರೆ ತೆಗೆದುಕೊಳ್ಳುವುದಿಲ್ಲ. ಜೊತೆಗೆ ಒಂದು ಹಾಳೆ ಬೇಕು: ಯಾರು ಮಾಡಿದ್ದು ಅಥವಾ ಎಲ್ಲಿ ಕೊಂಡದ್ದು, ಯಾರು ಆಡಿದ್ದು, ಎಲ್ಲಿ ಮುರಿಯಿತು, ಯಾರು ಸರಿಮಾಡಿದರು. ಉಪನ್ಯಾಸಕರೂ ತರಬಹುದು; ಅವರೂ ಯಾವತ್ತೋ ಮಕ್ಕಳಾಗಿದ್ದರೆಂಬ ನಂಬಿಕೆ ನಮಗಿದೆ. ಸರ್ ಇನ್ನೂ ಹೂಂ ಅಂದಿಲ್ಲ, ಪ್ರಿನ್ಸಿಪಾಲರನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ.

ನನ್ನ ಬಳಿ ಇಡಲು ಗೊಂಬೆ ಇಲ್ಲ, ಹಾಳೆ ಮಾತ್ರ ಇದೆ. ಕಳೆದ ಶುಕ್ರವಾರ ನಾನಿಯ ಪಕ್ಕ ಕೂತು ಬರೆದುಕೊಂಡೆ. ಕಸದ ಗಾಡಿಯ ವಿಷಯವನ್ನೂ ಹೇಳಿಬಿಟ್ಟೆ. ಅವರಿಗೆ ಆಗಲೇ ಗೊತ್ತಿತ್ತಂತೆ. “ಅದರ ಲಂಗ ನಿನ್ನ ಅಮ್ಮಿಯ ಮೊದಲ ಈದ್ ಬಟ್ಟೆಯದು, ಹಸಿರು” ಎಂದರು. ಆಮೇಲೆ ಕನ್ನಡಕ ತರಿಸಿಕೊಂಡು, ಮನೆಯಲ್ಲಿ ಕಪ್ಪು ದಾರ ಇದೆಯೇ ನೋಡು ಎಂದರು.